ಬೋಟಿನ ಒಡಲೊಳಗೆ ಕಲಿತ ಬಡಗಿ ಕೆಲಸ

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಸೀಟು ಮುಗಿದಿತ್ತು. ನನಗೆ ಸಿಕ್ಕಿದ್ದು ಬಡಗಿ ಕೆಲಸ. ಹುಡುಗಿ ಗರಗಸ ಹಿಡಿಯುತ್ತಾಳಂತೆ ಎಂದು ಮನೆಯವರು ನಗಾಡಿದರು, ನಾನು ಹಟಕ್ಕೆ ಬಿದ್ದು ಸೇರಿದೆ. ಸೇರಿದ ಮೇಲೆ ಮರ ಹಿಡಿಸಿತು. ಎರಡು ತುಂಡುಗಳನ್ನು ಉಳಿಯಿಂದ ಕೆತ್ತಿ ಒಂದೇ ಮರವೆಂಬಂತೆ ಕೂಡಿಸುವುದನ್ನು ನೋಡಿದ ದಿನ, ಕಲಿತರೆ ಇದನ್ನೇ ಕಲಿಯಬೇಕು ಅನ್ನಿಸಿತು. ಕೊನೆಯ ಪ್ರಾಕ್ಟಿಕಲ್‌ನಲ್ಲಿ ಕೇಳುವುದೂ ಅದನ್ನೇ. ಆದರೆ ಕ್ಲಾಸಿನಲ್ಲಿ ಉಳಿಗಳಿಗಿಂತ ನಾವೇ ಹೆಚ್ಚಿದ್ದೆವು, ಕೈಗೆ ಸಿಗುತ್ತಿದ್ದುದೇ ಅಪರೂಪ. ಹಾಗಾಗಿ ತರಬೇತಿಗೆ ಹಂಗಾರಕಟ್ಟೆಯಲ್ಲಿ ಬೋಟು ರಿಪೇರಿ ಮಾಡುವ ಜಾಗಕ್ಕೆ ಹಾಕಿದಾಗ ಖುಷಿಯಿಂದಲೇ ಬಸ್ಸು ಹತ್ತಿದೆ.

ಮಳೆಗಾಲ, ಮೀನುಗಾರಿಕೆಗೆ ನಿಷೇಧದ ಸಮಯ. ಮರದ ಬೋಟುಗಳು ದಡ ಹತ್ತಿ ರಿಪೇರಿಗೆ ಕೂತಿದ್ದವು. ದೊಡ್ಡ ಹೊಟ್ಟೆಯ ಮೇಸ್ತ್ರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಪೂರ ಇದ್ದೆ. ಲಾಯ್ಕ್ ಆಯ್ತ್. ನೀನ್ ಒಳ್ಗ್ ಹೋಯ್ಕ್."

ಒಳಗೆ ಅಂದರೆ ಬೋಟಿನ ಮೂತಿಯ ಕಡೆ, ಎರಡೂ ಬದಿಯ ಹಲಗೆಗಳು ಕೂಡುವ ಇಕ್ಕಟ್ಟು. ಮೇಲಿನ ಕಿಂಡಿಯಿಂದ ಇಳಿದು ಅಲ್ಲಿ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತದೆ. ಹೊರಗಿನಿಂದ ಮೇಸ್ತ್ರಿ ಬೋಲ್ಟು ತೂರಿಸುತ್ತಾರೆ, ನಾನು ಒಳಗಿನಿಂದ ನಟ್ಟು ಬಿಗಿಯಬೇಕು. ದಪ್ಪ ಹಲಗೆಯ ಮೂಲಕ ಮಾತು ಕೇಳಿಸುವುದಿಲ್ಲವಾದ್ದರಿಂದ ಸುತ್ತಿಗೆಯೇ ನಮ್ಮ ಭಾಷೆ: ಒಂದು ಪೆಟ್ಟು ಅಂದರೆ ಹಿಡಿ, ಎರಡು ಅಂದರೆ ಬಿಗಿ, ಮೂರು ಅಂದರೆ ನಿಲ್ಲಿಸು. ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಡೀಸೆಲ್ ಮತ್ತು ಹಳೇ ಮೀನಿನ ವಾಸನೆ ಕುಡಿಯುತ್ತಾ ನಾನು ನಟ್ಟು ಬಿಗಿದೆ.

ಅದಾದರೂ ಸಹಿಸಬಹುದಿತ್ತು. ಮೇಸ್ತ್ರಿ ಇನ್ನೊಂದು ಕಟ್ಟಳೆ ಹಾಕಿದರು.

"ಸಾವ್ಕಾರ್ರ್ ಬಂದಾಗ ಹೊರ್ಗ್ ಬಪ್ಪುಕಾಗ. ಹೆಣ್ ಹುಡ್ಗಿ ಬೋಟ್ ಹತ್ತಿದ್ದ್ ಕಂಡ್ರೆ ಎಂತ ಹೇಳ್ತ್ರೋ ಏನೋ. ಅವ್ರ್ ಹೋಪ ತನ್ಕ ಒಳ್ಗೇ ಇರ್."

ಸಾವುಕಾರರೆಂದರೆ ಬೋಟಿನ ಒಡೆಯರು; ಅವರು ಹೋಗುವವರೆಗೆ ನಾನು ಹೊರಗೆ ಬರಬಾರದು. ನಿಷೇಧ ಮುಗಿಯುತ್ತ ಬಂದ ಹಾಗೆ ಅವರು ದಿನಾ ಬರತೊಡಗಿದರು. ಬಂದವರು ಟಾರ್ಪಾಲಿನಡಿ ಕುರ್ಚಿ ಹಾಕಿಸಿ, ಚಾ ತರಿಸಿ, ಊರ ಸುದ್ದಿಯೆಲ್ಲ ಮಾತಾಡಿ ಮುಗಿಸುವವರೆಗೆ ಏಳುತ್ತಿರಲಿಲ್ಲ. ನಾನು ಒಳಗೆ ಕೆಮ್ಮು ನುಂಗಿಕೊಂಡು ಕೂತಿರುತ್ತಿದ್ದೆ. ಕಾಲು ಜೋಮು ಹಿಡಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಒಮ್ಮೊಮ್ಮೆ ಹಲಗೆಗಳು ಹತ್ತಿರ ಸರಿಯುತ್ತಿವೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ಹೊಟ್ಟೆ ಉರಿಸುತ್ತಿದ್ದುದು ಹೊರಗಿನ ಉಳಿಯ ಸದ್ದು. ಯಾರೋ ಹಲಗೆ ಕೂಡಿಸುತ್ತಿದ್ದಾರೆ. ನಾನು ಕಲಿಯಬೇಕಾದದ್ದು ಹಲಗೆಯ ಆಚೆ ಬದಿಯಲ್ಲೇ ನಡೆಯುತ್ತಿದೆ, ನನಗೆ ಕಾಣುವುದಿಲ್ಲ.

ಬೇಸರ ಕಳೆಯಲು ಬೆರಳ ಗೆಣ್ಣಿನಿಂದ ಹಲಗೆಗಳನ್ನು ತಟ್ಟುತ್ತಿದ್ದೆ. ತಟ್ಟುತ್ತಾ ತಟ್ಟುತ್ತಾ ಕಿವಿಗೆ ಅಭ್ಯಾಸವಾಯಿತು. ಗಟ್ಟಿ ಹಲಗೆ ಮರುದನಿ ಕೊಡುತ್ತದೆ, ಒಳಗೆ ಕೊಳೆತದ್ದು ಕೊಡುವುದಿಲ್ಲ. ಒಂದು ಬೆಳಿಗ್ಗೆ ಎಡಗಡೆ ಅಡಿಯ ಹಲಗೆಯೊಂದು ದನಿಯೇ ಎತ್ತಲಿಲ್ಲ. ಮೇಸ್ತ್ರಿಗೆ ಹೇಳೋಣವೆಂದರೆ ಅಷ್ಟರಲ್ಲಿ ಸಾವುಕಾರರ ಸವಾರಿ ಬಂದಿತ್ತು.

"ಎಲ್ಲ ಗಟ್ಟಿ ಇತ್ತ್, ಸಾವ್ಕಾರ್ರೆ. ಪೇಂಟ್ ಹೊಡ್ದ್ರೆ ಆಯ್ತ್," ಎಂದು ಮೇಸ್ತ್ರಿ ಹೇಳುವುದು ಮೇಲಿನ ಕಿಂಡಿಯಿಂದ ಕೇಳಿತು.

ಸುತ್ತಿಗೆ ಎತ್ತಿ ಮೂರು ಪೆಟ್ಟು ಹಾಕಿದೆ: ನಿಲ್ಲಿಸು.

"ಒಳ್ಗ್ ಯಾರ್ ಇದ್ರ್?"

"ಇಲಿ ಇರ್ಕ್, ಸಾವ್ಕಾರ್ರೆ."

ಇಲಿ ಅಂದದ್ದಕ್ಕೆ ಸಿಟ್ಟು ನೆತ್ತಿಗೇರಿತು. ಮತ್ತೆ ಮೂರು ಹಾಕಿದೆ, ಇನ್ನಷ್ಟು ಜೋರಾಗಿ.

"ಮೂರ್ ಮೂರ್ ಸಲ ಬಡುದಾ ನಿಮ್ಮ್ ಇಲಿ?" ಸಾವುಕಾರರು ಎದ್ದು ಬಂದರು.

ಮುಖಕ್ಕೆಲ್ಲ ಮಸಿ ಹಚ್ಚಿಕೊಂಡು ಹೊರಗೆ ಬಂದು ಹಲಗೆ ತೋರಿಸಿದೆ. ಮೇಸ್ತ್ರಿ ಮೊಳೆ ಇಟ್ಟು ಒತ್ತಿದರು. ಬಾಳೆದಿಂಡಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.

"ಇವ್ಳನ್ನ್ ಎಂತಕ್ ಅಡ್ಗ್ಸಿ ಇಟ್ಟದ್ದ್?" ಸಾವುಕಾರರು ಕೇಳಿದರು.

"ಹೆಣ್ ಹುಡ್ಗಿ ಅಲ್ದಾ. ನೀವ್ ಎಂತಾರು ಹೇಳ್ತ್ರಿ ಅಂದ್ಕಂಡ್..."

"ನನ್ನ್ ಹತ್ರ ಕೇಂಡ್ರ್ಯಾ?"

ಯಾರೂ ಕೇಳಿರಲಿಲ್ಲ. ಅಷ್ಟು ದಿನ ನಾನು ಕೆಮ್ಮು ನುಂಗಿದ್ದು ಯಾರಿಗೂ ಬೇಡದ ಕಟ್ಟಳೆಗಾಗಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಇನ್ನು ಬಿಡುಗಡೆ ಆಯಿತಲ್ಲ ಎಂದು ಧೈರ್ಯ ಬಂತು.

"ಮೇಸ್ತ್ರಿಯವ್ರೆ, ಹೊಸ ಹಲ್ಗಿ ಕೂಡ್ಸುವತಿಗೆ ನಾ ಉಳಿ ಹಿಡಿತೆ," ಅಂದೆ.

ಮೇಸ್ತ್ರಿ ಮೊದಲ ಸಲ ನನ್ನನ್ನು ನೋಡಿ ಮನಸಾರೆ ನಕ್ಕರು.

"ಉಳಿ ಯಾರಾರೂ ಹಿಡಿತ್ರ್ ಮಗಾ. ಈ ಕಿವಿ ಯಾರಿಗಿತ್ತ್? ನಿನ್ನ್ ಇನ್ನ್ ಹೊರ್ಗ್ ಬಿಡುಕಾಗ. ಉಳ್ದ ಬೋಟನ್ನೆಲ್ಲ ನೀನೇ ಬಡ್ದ್ ಕಾಣ್."

ಸಾವುಕಾರರೂ ಹೌದೆಂದು ತಲೆ ಆಡಿಸಿ ನನಗೂ ಒಂದು ಚಾ ಹೇಳಿದರು. ಹುಡುಗಿ ಎಂದು ಒಳಗೆ ಕೂರಿಸಿದಾಗ ಮನಸ್ಸಿನಲ್ಲಾದರೂ ಜಗಳ ಕಾಯಬಹುದಿತ್ತು. ಹೊಗಳಿ ಕೂರಿಸುವವರ ಹತ್ತಿರ ಏನೆಂದು ಜಗಳ ಕಾಯುವುದು? ಚಾ ಬಂತು, ಒಂದು ಗುಟುಕು ಕುಡಿದೆ. ಅಷ್ಟರಲ್ಲಿ ಪಕ್ಕದ ಬೋಟಿನವರು ಕಿಂಡಿಯ ಮುಚ್ಚಳ ತೆಗೆದು ನನ್ನನ್ನು ಕರೆದರು. ಲೋಟ ಕೆಳಗಿಟ್ಟು, ತಲೆ ತಗ್ಗಿಸಿ ಒಳಗೆ ಇಳಿದೆ.