ಸೌಟು ಹಿಡಿದು ಶರಣಾದ ಯಬೋಮ್

ಬಂಡುಕೋರರಿಗೆ ನಿಜವಾಗಿ ಬೇಕಾಗಿದ್ದದ್ದು ಯಬೋಮ್‌ಳ ಹಂಡೆ. ಆ ದಿನ ಮಾಸೊರಿ ಹಳ್ಳಿಯಲ್ಲಿ ಮದುವೆ. ಊರಿಗೇ ದೊಡ್ಡದಾದ ಕಬ್ಬಿಣದ ಹಂಡೆಯಲ್ಲಿ ಮರಗೆಣಸಿನ ಸೊಪ್ಪು ತಾಳೆಎಣ್ಣೆಯ ಜೊತೆ ಕುದಿಯುತ್ತಿತ್ತು. ಗುಂಡಿನ ಸದ್ದು ಕೇಳಿದ್ದೇ ತಡ, ಮದುಮಗನೂ ಸೇರಿದಂತೆ ಎಲ್ಲರೂ ಕಾಡಿನ ದಾರಿ ಹಿಡಿದರು. ಯಬೋಮ್ ಮಾತ್ರ ಸೊಪ್ಪು ತಳ ಹತ್ತೀತೆಂದು ಸೌಟು ಆಡಿಸುತ್ತ ನಿಂತುಬಿಟ್ಟಳು. ಬಂದವರು ಹೊಟ್ಟೆ ಬಿರಿಯೆ ಉಂಡರು. ಹಂಡೆಯನ್ನು ಹೊತ್ತುಕೊಂಡು, ಅವಳನ್ನು ಮುಂದೆ ನಡೆಸಿದರು. ಸಿಯೆರಾ ಲಿಯೋನಿನ ಯುದ್ಧಕ್ಕೆ ಅವಳು ಸೇರಿದ್ದು ಹಾಗೆ.

ಅವರ ನಾಯಕನ ಹೆಸರು ಕರ್ನಲ್ ನಿದ್ದೆಗೇಡಿ. ಹೆಸರೂ ಪದವಿಯೂ ಅವನೇ ಇಟ್ಟುಕೊಂಡದ್ದು. ಮಗ್ಬುರಾಕ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಕಾಲಕ್ಕೆ ಅವನು ಬರೀ ಸಾಂಟಿಗಿ. ಮಧ್ಯಾಹ್ನವಾದರೆ ಹಳೇ ಟಯರು ತಲೆಗಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದುದನ್ನು ಯಬೋಮ್ ಕಣ್ಣಾರೆ ಕಂಡಿದ್ದಳು. ಹಾಗಾಗಿ ಕಾಡಿನಲ್ಲಿ ಅವನನ್ನು ಹೆಸರು ಹಿಡಿದು ಕೂಗುವ ಧೈರ್ಯ ಅವಳೊಬ್ಬಳಿಗೇ ಇತ್ತು.

ಕಾಡಿನಲ್ಲಿ ಅವಳು ಕಂಡದ್ದರಲ್ಲಿ ನಗುವಂಥದ್ದು ಕಡಿಮೆ. ಅದನ್ನೆಲ್ಲ ಅವಳು ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಯಾರಾದರೂ ಕೆದಕಿದರೆ ತನ್ನ ಕಟ್ಟಳೆಯೊಂದನ್ನು ಹೇಳಿ ಮಾತು ಮುಗಿಸುತ್ತಿದ್ದಳು: ಬಂದೂಕು ಕೆಳಗಿಡದವನಿಗೆ ಅವಳು ಬಡಿಸುತ್ತಿರಲಿಲ್ಲ. ಬೈದರು, ಹೆದರಿಸಿದರು. ಕಡೆಗೆ ಎಲ್ಲರೂ ಬಂದೂಕನ್ನು ಮರಕ್ಕೆ ಒರಗಿಸಿ ಬಂದು ತಟ್ಟೆ ಒಡ್ಡಿದರು.

ಅಂತೂ ಒಂದು ದಿನ ದೊಡ್ಡವರು ದೊಡ್ಡ ಊರಿನಲ್ಲಿ ಕೂತು ಶಾಂತಿಗೆ ಸಹಿ ಹಾಕಿದರು. ಹೊಳೆಯಾಚೆ ಶಾಲೆಯ ಬಯಲಿನಲ್ಲಿ ವಿಶ್ವಸಂಸ್ಥೆಯ ನೀಲಿ ಹೆಲ್ಮೆಟ್ಟಿನ ಸೈನಿಕರು ಡೇರೆ ಹೊಡೆದರು. ಬಂದೂಕು ಒಪ್ಪಿಸಿದವರಿಗೆ ಕಾರ್ಡು, ಕಾರ್ಡು ಇದ್ದವರಿಗೆ ಕಸುಬಿನ ತರಬೇತಿ ಎಂದು ರೇಡಿಯೊ ಸಾರಿತು. ಕರ್ನಲ್ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ನನ್ನನ್ನ ಮಂತ್ರಿ ಮಾಡೋ ತನಕ ಒಂದು ತೋಟಾನೂ ಕೊಡಲ್ಲ," ಎಂದ.

"ಯಾವ ಮಂತ್ರಿಯೋ?" ಯಬೋಮ್ ಕೇಳಿದಳು.

ಅದನ್ನು ಅವನು ಯೋಚಿಸಿರಲಿಲ್ಲ. "ಯಾವುದಾದ್ರೂ ದೊಡ್ಡದು."

"ನೀನು ಮಂತ್ರಿಯಾಗೋವರೆಗೂ ಬೇಯಿಸೋಕೆ ನನ್ನ ಕೈಲಾಗಲ್ಲಪ್ಪ. ನಾನು ಹೊರಟೆ."

ತಮಾಷೆಯೆಂದುಕೊಂಡು ಅವನು ನಕ್ಕ. ಬೆಳಗಾಗುವಷ್ಟರಲ್ಲಿ ಯಬೋಮ್ ದೋಣಿಯವನನ್ನು ಕಾಡಿಬೇಡಿ ಹಂಡೆಯ ಸಮೇತ ಹೊಳೆ ದಾಟಿದ್ದಳು.

ಶಿಬಿರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವನು ಬಾಂಗ್ಲಾದೇಶದ ಕ್ಯಾಪ್ಟನ್ ಮೊಹ್ಸಿನ್. ಊರಿನ ಮಾತನ್ನು ಆಗಷ್ಟೇ ಕಲಿಯುತ್ತಿದ್ದ, ಸಂಕೋಚದ ಮನುಷ್ಯ.

"ಬಂದೂಕು ಎಲ್ಲಮ್ಮಾ?"

ಅವಳು ಸೌಟನ್ನು ಮೇಜಿನ ಮೇಲೆ ಇಟ್ಟಳು. "ಇಷ್ಟು ವರ್ಷ ಯುದ್ಧ ನಡೆಸಿದ್ದು ಇದೇ ಕಣಪ್ಪಾ. ಕಾರ್ಡ್ ಕೊಡು."

ಕ್ಯಾಪ್ಟನ್ ನಗಲಿಲ್ಲ, ಪಕ್ಕದ ಸೈನಿಕರು ನಕ್ಕರು. "ನಿಯಮ ನಂದಲ್ಲಮ್ಮಾ. ಬಂದೂಕಿಗಷ್ಟೇ ಕಾರ್ಡು. ಸೌಟಿಗಿಲ್ಲ."

"ಕೊಂದೋರಿಗೆ ಕಾರ್ಡು, ಬೇಯಿಸಿದೋರಿಗೆ ಬಿಸಿಲು. ಚೆನ್ನಾಗಿದೆ ನಿಮ್ಮ ನಿಯಮ!"

ಅವಳು ಹೊರಟುಹೋಗಲಿಲ್ಲ. ಬೇಲಿಯ ಹೊರಗೇ ಮಾವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಹಂಡೆ ಏರಿಸಿದಳು. ಅಕ್ಕಿ ಕ್ಯಾಪ್ಟನ್ನೇ ಕಳಿಸಿದ. ಪಾಪಪ್ರಜ್ಞೆಯೋ ಹಸಿವೆಯೋ, ಹೇಳುವುದು ಕಷ್ಟ; ಡಬ್ಬಿಯ ಊಟ ತಿಂದು ಅವನ ನಾಲಗೆ ಸತ್ತುಹೋಗಿತ್ತು. ಯಬೋಮ್‌ಳ ಒಣಮೀನಿನ ಖಾರದ ಸಾರು ಉಂಡು ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮಮ್ಮನೂ ಹೀಗೇ ಮಾಡೋದು," ಎಂದ. ಅಂದಿನಿಂದ ಅವನ ಅರ್ಧ ಪಡೆ ಬೇಲಿಯ ಹೊರಗೇ ಉಣ್ಣತೊಡಗಿತು.

ಆಚೆ ದಡದಲ್ಲಿ ಕರ್ನಲ್‌ನ ಪಡೆ ಅರೆಬೆಂದ ಅನ್ನ ನುಂಗುತ್ತಿತ್ತು. ಮೊದಲು ಇಬ್ಬರು ಬಂದು ಮರದ ಮರೆಯಲ್ಲಿ ನಿಂತು, "ಅವ್ವಾ, ಒಂಚೂರು ಇದ್ರೆ..." ಎಂದರು.

"ಮೊದ್ಲು ಅಲ್ಲಿ ಬಂದೂಕು ಇಡಿ. ಆಮೇಲೆ ಇಲ್ಲಿ ತಟ್ಟೆ."

ಇಟ್ಟರು, ಉಂಡರು. ಮರುದಿನ ಇನ್ನಷ್ಟು ಜನ ಬಂದರು. ಕ್ಯಾಪ್ಟನ್ನಿನ ಮೇಜಿನ ಮುಂದಿನ ಸಾಲು ಉದ್ದವಾದಂತೆ ಯಬೋಮ್ ನೀರು ಬೆರೆಸಿ ಸಾರು ಹಿಗ್ಗಿಸಿದಳು.

ಕೊನೆಗೆ ಕರ್ನಲ್ಲೇ ಬಂದ. ಹೆಗಲಲ್ಲಿ ರೈಫಲ್, ಸೊಂಟದಲ್ಲಿ ಪಿಸ್ತೂಲು, ಹಿಂದೆ ಪಡೆ ಎಂಬುದು ಏನೂ ಇಲ್ಲ. ಬೇಲಿಯೊಳಗಿನ ಸೈನಿಕರು ನೆಟ್ಟಗಾದರು.

"ನನ್ನ ಸೈನ್ಯಾನೆಲ್ಲಾ ನೀನೇ ಕದ್ದೆ!" ಎಂದು ಅಬ್ಬರಿಸಿದ.

"ಕದ್ದಿದ್ದು ನಾನಲ್ಲ, ನಿನ್ನ ಅನ್ನ ಬೇಯಿಸೋನು ಕಣೋ. ಏನು ತಿಂದೆ ಬೆಳಗ್ಗೆ?"

ಅವನು ಹಂಡೆಯತ್ತ ನೋಡಿದ. ಕೆನ್ನೆಗಳು ಒಳಗೆ ಹೋಗಿದ್ದವು. ಯಬೋಮ್‌ಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಎರಡನ್ನೂ ತೋರಿಸದೆ ಹಂಡೆಯ ಮುಚ್ಚಳ ತೆಗೆದಳು. ಆವಿ ಅವನ ಮುಖಕ್ಕೆ ಬಡಿಯಿತು.

"ಅವ್ವಾ," ದನಿ ಇಳಿಯಿತು, "ಎಲ್ಲರ ಮುಂದೆ ಕರ್ನಲ್ ಅಂತ ಕರೆದು ಬಡಿಸ್ತೀಯಾ?"

"ಒಂದೇ ಒಂದು ಸಲ."

ಅವನು ರೈಫಲ್ ಇಳಿಸಿದ. ಮೇಜಿನತ್ತ ಹೋಗುತ್ತಾನೆಂದುಕೊಂಡರೆ ಅದನ್ನು ಅವಳ ಕೈಗೇ ಇಟ್ಟ. "ಕಾರ್ಡ್ ಸಿಗ್ಲಿಲ್ವಂತಲ್ಲ ನಿಂಗೆ. ತಗೋ. ನನ್ನ ಕಾರ್ಡಿಗೆ ಪಿಸ್ತೂಲು ಸಾಕು."

ಯಬೋಮ್ ಬಂದೂಕನ್ನು ಸತ್ತ ಹಾವಿನಂತೆ ಬಾಲ ಹಿಡಿದು ಒಯ್ದಳು. ಕ್ಯಾಪ್ಟನ್ ಅದನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಆಕಾಶ ನೋಡುತ್ತ ಕಾರ್ಡಿಗೆ ಮುದ್ರೆ ಒತ್ತಿದ. "ಅಡುಗೆ ತರಬೇತಿ ಅಂತ ಬರೀಲಾಮ್ಮಾ?"

"ಹುಚ್ಚಾ ನಿಂಗೆ? ಡ್ರೈವಿಂಗ್ ಬರಿ."

ಗೇರು ಹಾಕುವಾಗ ಬೈಯುವುದೊಂದು ಬಿಟ್ಟರೆ ಅವಳು ತಕ್ಕಮಟ್ಟಿಗೆ ಕಲಿತಳು. ಮಗ್ಬುರಾಕದ ವ್ಯಾಪಾರಿಯೊಬ್ಬ ತನ್ನ ಮುದಿ ವ್ಯಾನು ಕೊಟ್ಟ. ಅದು ದಾರಿಯುದ್ದಕ್ಕೂ ಕೆಡುತ್ತಿದ್ದುದರಿಂದ ರಿಪೇರಿ ಗೊತ್ತಿದ್ದ ಕಂಡಕ್ಟರ್ ಬೇಕಾಯಿತು. ಸಾಂಟಿಗಿ ಬಂದ. ಬಾಗಿಲಿಗೆ ಜೋತುಬಿದ್ದು, ಹಿಂದೆ ಗುಂಡು ಹಾರಿಸಲು ಆಜ್ಞೆ ಕೊಡುತ್ತಿದ್ದ ಗಂಟಲಿನಲ್ಲೇ "ಮಾಸೊರಿ! ಮಾಸೊರಿ!" ಎಂದು ಕೂಗುತ್ತಿದ್ದ. ಆ ದನಿ ಕೇಳಿ ಮೊದಮೊದಲು ಕೆಲವರು ವ್ಯಾನು ಹತ್ತದೆ ನಡೆದೇ ಹೋಗುತ್ತಿದ್ದರು. ಯಬೋಮ್ ಅವರನ್ನು ಕರೆಯಲಿಲ್ಲ.

ಚುನಾವಣೆಯ ದಿನ ವ್ಯಾನಿನ ತುಂಬ ಮತದಾರರು. ಎರಡು ಪಕ್ಷದವರೂ ಒಂದೇ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂತು ಕಿತ್ತಾಡುತ್ತಿದ್ದರು. ಜಗಳ ಜೋರಾದಾಗಲೆಲ್ಲ ಯಬೋಮ್ ಎಂಜಿನ್ ಆರಿಸುತ್ತಿದ್ದಳು. ತಳ್ಳಿ ಶುರು ಮಾಡಬೇಕಾದ್ದು ಅವರೇ ಆದ್ದರಿಂದ ಬೇಗ ರಾಜಿಯಾಗುತ್ತಿತ್ತು.

ಮಾಸೊರಿಯ ಮತಗಟ್ಟೆಯಲ್ಲಿ ಸಾಲು ರಸ್ತೆಗೆ ಬಂದಿತ್ತು. ಸಾಂಟಿಗಿ ಹಳೆಯ ಅಭ್ಯಾಸದಿಂದ ನೇರ ಮುಂದಕ್ಕೆ ಹೋಗಿ ನಿಂತ. ಮುಂದಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಹಿಂದೊಮ್ಮೆ ಅವನು ಬಂದಾಗ ಇಲ್ಲಿದ್ದವರೆಲ್ಲ ಕಾಡಿಗೆ ಓಡಿದ್ದರು. ಯಬೋಮ್ ವ್ಯಾನಿನಿಂದ ಇಳಿಯಲು ಬಾಗಿಲಿಗೆ ಕೈ ಹಾಕಿದಳು.

ಒಬ್ಬ ಮುದುಕಿ ಕೋಲಿನಿಂದ ಅವನ ಬೆನ್ನು ತಿವಿದಳು. "ಏಯ್, ಹಿಂದಕ್ಕೆ ಹೋಗು. ನಾನು ಕೋಳಿ ಕೂಗೋ ಹೊತ್ತಿಗೇ ಬಂದು ನಿಂತಿದೀನಿ."

ಅವನು ತಿರುಗಿ ನೋಡಿದ. ಏನೋ ಹೇಳಲು ಬಾಯಿ ತೆರೆದು, "ಗೊತ್ತಾಗ್ಲಿಲ್ಲ ಅಜ್ಜೀ," ಎಂದು ತಲೆ ತಗ್ಗಿಸಿ ಸಾಲಿನ ಬಾಲದ ತನಕ ನಡೆದುಹೋದ. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲೇ ನಕ್ಕಿತು.

ಬೆರಳಿಗೆ ಶಾಯಿ ಹಾಕಿಸಿಕೊಂಡು ಅವನು ಮರಳುವ ಹೊತ್ತಿಗೆ ಪ್ರಯಾಣಿಕರು ಗೊಣಗಿ ಗೊಣಗಿ ಸುಸ್ತಾಗಿದ್ದರು.

"ಯಾರಿಗೆ ಹಾಕ್ದೆಯೋ?" ಯಬೋಮ್ ಕೇಳಿದಳು.

"ಹೇಳಬಾರದಂತೆ ಅವ್ವಾ. ಗುಟ್ಟು," ಎಂದ ಬಿಗುಮಾನದಿಂದ.

"ಅಯ್ಯೋ ನಿನ್ನ ಗುಟ್ಟಿಗಿಷ್ಟು! ಇಳಿದು ತಳ್ಳು," ಎಂದು ಅವಳು ಗೇರಿಗೆ ಒಂದು ಬೈಗುಳ ಹಾಕಿದಳು.