ಅಳಿಸದೆ ಬಿಟ್ಟ ಪ್ರಿಂಟ್ ಸಾಲು

ನಿನ್ನೆ ರಕ್ತಪರೀಕ್ಷೆಗೆಂದು ನುಂಗಂಬಾಕ್ಕಂನ ಲ್ಯಾಬಿಗೆ ಹೋಗಿದ್ದೆ. ನರ್ಸು ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದ್ದೇ ತಡ, ಆ ವಾಸನೆಗೆ ಎದೆ ಧಸಕ್ಕೆಂದಿತು. ಸೂಜಿಯ ಭಯವಲ್ಲ. ನಮ್ಮ ಟೆಸ್ಟಿಂಗ್ ಅಕ್ಕ ನೆನಪಾದರು.

ವರ್ಷಗಳ ಹಿಂದೆ ಆ ಲ್ಯಾಬಿನ ರಸ್ತೆಯಲ್ಲೇ ಇದ್ದ ಸಣ್ಣ ಕಂಪನಿಯೊಂದರಲ್ಲಿ ನಾನು ಆಸ್ಪತ್ರೆಯ ಡ್ರಿಪ್ ಪಂಪುಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಅದನ್ನು ಪರೀಕ್ಷಿಸಿ ಸಹಿ ಹಾಕುವುದು ಅಕ್ಕನ ಕೆಲಸ. ಮೈಸೂರು ಕಡೆಯವರು, ರೈಲ್ವೆಯಲ್ಲಿದ್ದ ಅಪ್ಪನ ಜೊತೆ ಚಿಕ್ಕಂದಿನಲ್ಲೇ ಈ ತಮಿಳು ಊರಿಗೆ ಬಂದವರು. ಪ್ರತಿ ಪಂಪನ್ನೂ ಸ್ಪಿರಿಟ್ಟಿನಿಂದ ಒರೆಸಿದ ಮೇಲೇ ಟೆಸ್ಟಿಗೆ ಕೂರುತ್ತಿದ್ದರು. ತಪ್ಪು ಸಿಕ್ಕಿದರೆ, "ಏನೋ, ಸುಮ್ಮಾ ಕಣ್ಣು ಮುಚ್ಕೊಂಡು ಬರ್ದಿದ್ದೀಯಾ?" ಎಂದು ರೇಗಿಸುತ್ತಿದ್ದರು.

ಒಂದು ಸಲ ಪಂಪಿನ ವೇಗ ಇದ್ದಕ್ಕಿದ್ದಂತೆ ಜಿಗಿಯತೊಡಗಿತು. ಕಾರಣ ಹುಡುಕಲು ಪ್ರೋಗ್ರಾಮಿನ ನಡುವೆ, ಆಗಿನ ಅಂಕಿಯನ್ನು ತೆರೆಯ ಮೇಲೆ ತೋರಿಸುವ ಒಂದು ಪ್ರಿಂಟ್ ಸಾಲು ಸೇರಿಸಿದೆ. ಜಿಗಿತ ಮಾಯ! ತೆಗೆದರೆ ಮತ್ತೆ ಹಾಜರು. ಗಡುವು ಬೇರೆ ತಲೆಯ ಮೇಲಿತ್ತು. ಸಾಲನ್ನು ಹಾಗೇ ಬಿಟ್ಟು, ಸರಿಮಾಡಿದ್ದೇನೆಂದು ಅಕ್ಕನಿಗೆ ಹಸಿ ಸುಳ್ಳು ಹೇಳಿದೆ. ನಂಬಿ ಸಹಿ ಹಾಕಿದರು. ಪಂಪುಗಳು ಕೋಯಂಬೇಡಿನ ಕಡೆಯ ಒಂದು ನರ್ಸಿಂಗ್ ಹೋಮಿಗೆ, ಮಕ್ಕಳ ವಾರ್ಡಿಗೆ ಹೋದವು.

ಮರುದಿನ ಅಕ್ಕ ಮನಸ್ಸು ತಡೆಯದೆ, ಮೆಮೊರಿ ತಪ್ಪು ಹಿಡಿಯುವ ಟೂಲಿನಲ್ಲಿ ನನ್ನ ಪ್ರೋಗ್ರಾಂ ಓಡಿಸಿದರು. ಎಂಟೇ ಜಾಗವಿದ್ದ ಪಟ್ಟಿಯಲ್ಲಿ ನಾನು ಒಂಬತ್ತನೆಯದನ್ನೂ ಬರೆದಿದ್ದೆ. ಅದು ಪಕ್ಕದಲ್ಲಿದ್ದ ವೇಗದ ಅಂಕಿಯನ್ನು ಕೆಡಿಸುತ್ತಿತ್ತು. ಪ್ರಿಂಟ್ ಸಾಲು ಬಂದಾಗ ಜಾಗ ಅದಲುಬದಲಾಗಿ ಏಟು ಬೇರೆಲ್ಲೋ ಬೀಳುತ್ತಿತ್ತು, ಅಷ್ಟೇ.

"ಕಾಣಿಸ್ಲಿಲ್ಲ ಅಂದ್ರೆ ಹೋಯ್ತು ಅಂತಾನೇನೋ? ಅಲ್ಲಿ ಮಕ್ಕಳಿದ್ದಾವೆ ಕಣೋ!"

ಆಟೋದಲ್ಲಿ ಓಡಿದೆವು. ವಾರ್ಡಿನಲ್ಲಿ ಒಂದು ಹಸುಗೂಸಿಗೆ ನಮ್ಮ ಪಂಪ್ ಹಾಕಿಯಾಗಿತ್ತು. ಅಕ್ಕ ನರ್ಸನ್ನು ಕೂಗಿ ಅದನ್ನು ನಿಲ್ಲಿಸಿದರು. ವೇಗ ಇನ್ನೂ ಕೆಟ್ಟಿರಲಿಲ್ಲ... ಮಗು ನಿದ್ದೆ ಮಾಡುತ್ತಿತ್ತು.

ಯಾರ ತಪ್ಪು ಎಂದು ಮಾಲೀಕರು ಇಬ್ಬರನ್ನೂ ಕೂರಿಸಿ ಕೇಳಿದರು. ಅಕ್ಕ ನನ್ನ ಕಡೆ ನೋಡಿದರು. ನಾನೇ ಹೇಳಲಿ ಎಂದು ಕಾದರೋ ಏನೋ... ನನಗೆ ನಾಲಿಗೆಯೇ ಏಳಲಿಲ್ಲ. ಅವರು "ಸಹಿ ನಂದು" ಎಂದುಬಿಟ್ಟರು. ಆ ವಾರವೇ ಅವರ ಕೆಲಸ ಹೋಯಿತು, ನನ್ನದು ಉಳಿಯಿತು. ಥೂ, ಎಂಥ ಪುಕ್ಕಲ ನಾನು! ಆಮೇಲೆ ಒಂದು ದಿನವೂ ಅವರ ಮುಖ ನೋಡಲು ಹೋಗಲಿಲ್ಲ.

ಲ್ಯಾಬಿನಿಂದ ಬಂದು ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದಾಗ, ಅಕ್ಕ ಹೋದ ತಿಂಗಳೇ ತೀರಿಕೊಂಡರೆಂದು ಗೊತ್ತಾಯಿತು. ಇನ್ನು ಯಾರ ಹತ್ತಿರ ಕ್ಷಮೆ ಕೇಳಲಿ? ಆದರೂ ಇವತ್ತು ಅವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಅಕ್ಕನ ಮಗಳು. ಅಮ್ಮ ಆಮೇಲೆ ಎಲ್ಲೂ ಕೆಲಸಕ್ಕೆ ಸೇರಲಿಲ್ಲ, ಸರಿಯಾಗಿ ನೋಡಲಿಲ್ಲವೆಂದು ಕೊನೆಯವರೆಗೂ ಕೊರಗಿದರು ಎಂದು ಮಗಳು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಹೇಳಿದಳು. ಆಮೇಲೆ ಕೇಳಿದಳು:

"ನೆಜಮಾ... ನಿಜವಾಗ್ಲೂ ಅಮ್ಮನ ತಪ್ಪಾ, ಅಂಕಲ್?"

ಹೇಳಿದರೆ ಏನಾಗುತ್ತದೋ ಎಂಬ ಅದೇ ಹೆದರಿಕೆ.

"ಗೊತ್ತಿಲ್ಲಮ್ಮಾ" ಎಂದು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.