ಒಂದು ಸಾಲಿಗೆ ಹತ್ತು ಸಾಲು

ನಮ್ಮ ಬೀದಿಯ ದುಭಾಷಿ ಮಹಾಶಯರ ಪರಾಕ್ರಮವೆಲ್ಲ ನಡೆಯುತ್ತಿದ್ದದ್ದು ದೊಡ್ಡಾಸ್ಪತ್ರೆಯ ಒಂಬತ್ತನೇ ಕೋಣೆಯಲ್ಲಿ. ಒಂದು ಕಡೆ ಸಮುದ್ರದಾಚೆಯಿಂದ ಬಂದ ಡಾಕ್ಟರು, ಇನ್ನೊಂದು ಕಡೆ ನಮ್ಮ ಜನ, ನಡುವೆ ಕಾಲು ಅಲ್ಲಾಡುವ ಸ್ಟೂಲೆಂಬ ಸಿಂಹಾಸನದ ಮೇಲೆ ಇವರು. ಇಪ್ಪತ್ತೆರಡು ವರ್ಷ ಆ ಗಡಿಯನ್ನು ಒಬ್ಬರೇ ಕಾದರು.

ಡಾಕ್ಟರ ಸೀಮೆಯಲ್ಲಿ ಸಾವನ್ನು ರೋಗಿಯ ಮುಖಕ್ಕೇ ಹೇಳುವುದು ಮರ್ಯಾದೆ. ನಮ್ಮಲ್ಲಿ ಅದು ಕೊಲೆಗೆ ಸಮ. ಡಾಕ್ಟರು "ಇನ್ನೆರಡು ತಿಂಗಳು" ಎಂದು ಬಾಣ ಬಿಟ್ಟರೆ ನಮ್ಮ ವೀರರು ಅದನ್ನು ನಡುದಾರಿಯಲ್ಲೇ ಹಿಡಿದು, ರೋಗಿಯ ಊಟ, ನಿದ್ದೆ, ಮೊಮ್ಮಕ್ಕಳ ಓದು ವಿಚಾರಿಸಿ, ಗುಳಿಗೆಯ ಗುಣಗಾನ ಮಾಡಿ ಕಳಿಸುತ್ತಿದ್ದರು. ನಿಜ ಸುದ್ದಿ ಆಮೇಲೆ ಕಾರಿಡಾರಿನಲ್ಲಿ ಅಳಿಯನ ಕಿವಿಗೆ. ರೋಗಿ ಡಾಕ್ಟರನ್ನು ಬೈದರೆ ಅದೂ ಕೃತಜ್ಞತೆಯಾಗಿಯೇ ಆಚೆಗೆ ದಾಟುತ್ತಿತ್ತು.

ಊಟಕ್ಕೆ ಕೂತಾಗ ಹೆಂಡತಿಗೆ ವಿಜಯವಾರ್ತೆ: "ಅವರದ್ದು ಒಂದು ಸಾಲು ಕಣೇ, ನನ್ನದು ಹತ್ತು. ಸುದ್ದಿ ಕೆಟ್ಟಷ್ಟೂ ಮಾತು ಉದ್ದ!"

"ಮನೇಲಿ ಮಾತ್ರ ಬಾಯಿಗೆ ಬೀಗ," ಎನ್ನುತ್ತಿದ್ದರು ಆಕೆ.

ಹೋದ ತಿಂಗಳು ರೋಗಿಯ ಕುರ್ಚಿಯಲ್ಲಿ ಆಕೆಯೇ ಕೂತಿದ್ದರು. ಹೊಟ್ಟೆನೋವಿಗೆ ಮಾಡಿಸಿದ ಸ್ಕ್ಯಾನ್ ಬಂದಿತ್ತು. ಡಾಕ್ಟರು ಒಂದೇ ಸಾಲು ಹೇಳಿ ಕನ್ನಡಕ ತೆಗೆದರು.

ದುಭಾಷಿ ಗಂಟಲು ಸರಿಮಾಡಿಕೊಂಡರು. "ಏನಿಲ್ಲ ಕಣೇ, ಸ್ವಲ್ಪ ಊತ. ಹುಳಿ ಖಾರ ಬಿಡಬೇಕಂತೆ. ಮೆಟ್ಟಿಲು ಹತ್ತಬಾರದಂತೆ. ಈ ವಯಸ್ಸಿಗೆ ಇದೆಲ್ಲ ಮಾಮೂಲಂತೆ. ಅವರ ಅತ್ತೆಗೂ ಹೀಗೇ ಆಗಿತ್ತಂತೆ, ಈಗ ಗುಂಡುಕಲ್ಲಿನ ಹಾಗೆ..."

"ರೀ, ಡಾಕ್ಟರಿಗೆ ಮದುವೇನೇ ಆಗಿಲ್ಲ ಅಂತ ನೀವೇ ಹೇಳಿದ್ರಿ. ಅತ್ತೆ ಎಲ್ಲಿಂದ ಬಂದ್ಲು?" ಆಕೆ ನಕ್ಕುಬಿಟ್ಟರು. "ನನ್ನ ಮುಂದೇನೇ ಈ ಆಟನಾ? ಎಷ್ಟು ದಿನ ಅಂದ್ರು?"

ಸ್ಟೂಲಿನ ಕಾಲು ಕಟಕಟ ಎಂದಿತು.

"ನಾಲ್ಕು ತಿಂಗಳು," ಅಂದರು ದುಭಾಷಿ. ಕೂಡಿಸಲಿಲ್ಲ, ಕಳೆಯಲಿಲ್ಲ.

ಆಕೆ ಕೈಚೀಲದ ಜಿಪ್ಪನ್ನು ತೆಗೆದು, ಮತ್ತೆ ಎಳೆದು ಮುಚ್ಚಿದರು. "ನಿಮ್ಮ ಬಾಯಿಗೆ ಹುಳ ಬೀಳ ಅಂತ ಅವರಿಗೆ ಹೇಳಿ. ಹಾಗೇ ಹೇಳಿ, ಸಕ್ಕರೆ ಸವರಬೇಡಿ."

ಅವರು ಹಾಗೆಯೇ ಹೇಳಿದರು. ಡಾಕ್ಟರು ತಲೆ ತಗ್ಗಿಸಿದರು. ಆಮೇಲೆ ಮೇಜು ಸುತ್ತಿ ಬಂದು ಆಕೆಯ ಪಕ್ಕ ಕೂತು, ನಮ್ಮ ಭಾಷೆಯಲ್ಲೇ ತಡವರಿಸುತ್ತ, ಊಟ ಸೇರುತ್ತದಾ, ನಿದ್ದೆ ಬರುತ್ತದಾ, ಮೊಮ್ಮಕ್ಕಳು ಏನು ಓದುತ್ತಾರೆ ಎಂದು ಕೇಳತೊಡಗಿದರು. ಇಪ್ಪತ್ತೆರಡು ವರ್ಷದಲ್ಲಿ ಅವರೂ ಅಷ್ಟು ಕಲಿತಿದ್ದರು.

"ಹೊರಗೆ ನನ್ನ ತಮ್ಮ ಕೂತಿದಾನೆ," ಏಳುತ್ತ ಆಕೆ ಗಂಡನಿಗೆ ಹೇಳಿದರು. "ಮೊದಲೇ ಪುಕ್ಕಲ. ಅವನಿಗೆ ಹತ್ತು ಸಾಲಲ್ಲೇ ಹೇಳಿ."

ದುಭಾಷಿ ಬಾಗಿಲು ತೆರೆದರು. ಭಾವಮೈದುನ ಎದ್ದು ನಿಂತ. ಮೊದಲನೇ ಸಾಲೇ ಹೊರಡಲಿಲ್ಲ.